ಸಿಂಬಿ

ಬೆಳಿಗ್ಗೆ ಐದೂವರೆಗೇ ಕೋಲಾರದ ಕವಾಯತು ಮೈದಾನದಲ್ಲಿ
ಎದೆಗೆ ನಂಬರು ಕಟ್ಟಿಕೊಂಡ ಹುಡುಗಿಯರ ಸಾಲು.
ಅಂತರಗಂಗೆ ಬೆಟ್ಟಕ್ಕೆ ಇನ್ನೂ ಬೆನ್ನು ಮಾತ್ರ ಇತ್ತು.
ನನ್ನ ಕೆಲಸ ಅಳತೆ ಕಂಬದ ಪಕ್ಕ:
ಜಡೆ ಬಿಚ್ಚಿಸು, ಬುರುಡೆ ತಡವು, ಹಿಮ್ಮಡಿ ನೋಡು,
ಹಲಗೆ ಇಳಿಸು, ಅಂಕಿ ಕೂಗು.
ನೂರೈವತ್ತೇಳು ಸೆಂಟಿಮೀಟರು. ಅದಕ್ಕೆ ಕಮ್ಮಿ ಬಂದರೆ
ಕೂಗುವ ಅಗತ್ಯವೂ ಇಲ್ಲ, ಹುಡುಗಿಗೇ ಗೊತ್ತಾಗುತ್ತದೆ.

ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಈ ಬೆರಳುಗಳು ಏನೆಲ್ಲ ಹೆಕ್ಕಿವೆ:
ಮೇಣ, ಅಂಟಿನ ಉಂಡೆ,
ಒಬ್ಬಳ ತುರುಬಿನಲ್ಲಿ ಒಂದು ಹಿಡಿ ಹುಣಸೆಹಣ್ಣು,
ಪಾಪ, ಬಿಸಿಲಿಗೆ ಕರಗಿ ಕಿವಿ ಹಿಂದೆ ಇಳಿದಿತ್ತು.
ಹೇನು ನೋಡುವ ತಾಯಿಯ ಹಾಗೆ ಕೈ ಆಡಿಸುತ್ತೇನೆ,
ಕಣ್ಣು ಮಾತ್ರ ಪೊಲೀಸಿನದು.

ನಾನೂರ ಹನ್ನೆರಡು. ಸೊಣ್ಣಮ್ಮ, ಮಾಲೂರು ತಾಲ್ಲೂಕು.
ಅಂಗೈಯಲ್ಲಿ ಇಟ್ಟಿಗೆಯ ಕೆಂಪು, ಸೋಪಿಗೆ ಹೋಗದ್ದು.
ನೆತ್ತಿಯ ಮೇಲೆ ಬೆರಳಿಗೆ ಮೆತ್ತಗೆ ಸಿಕ್ಕಿತು:
ಹಳೇ ಸೀರೆಯ ಅಂಚನ್ನು ಬಿಗಿಯಾಗಿ ಸುತ್ತಿದ ಸಿಂಬಿ,
ಕೈಬಳೆಯಷ್ಟೇ ದೊಡ್ಡದು.
"ವದ್ದಕ್ಕಾ," ಅಂದಳು, ತುಟಿ ಅಲ್ಲಾಡದೆ.

ಸಿಂಬಿಯನ್ನು ನಾನು ಬಲ್ಲೆ.
ಅದು ಎತ್ತರ ಮಾಡುವ ವಸ್ತುವಲ್ಲ. ಅದರ ಮೇಲೆ
ಒಂದು ಸಲಕ್ಕೆ ಹತ್ತು ಇಟ್ಟಿಗೆ ಕೂರುತ್ತವೆ,
ಕತ್ತು ಹೆಗಲೊಳಕ್ಕೆ ಇಷ್ಟಿಷ್ಟೇ ಇಳಿಯುತ್ತದೆ.
ಕಳಕೊಂಡದ್ದನ್ನು ಕಳಕೊಂಡ ಜಾಗದಲ್ಲೇ
ಹುಡುಕಿಕೊಂಡು ಬಂದಿದ್ದಾಳೆ ಹುಡುಗಿ.

ರೂಲು: ಸಿಕ್ಕಿದ ತಕ್ಷಣ ಹೊರಗೆ.
ಸಾಹೇಬರು ಆರು ಮಾರು ದೂರ, ಕ್ಯಾಮೆರಾಕ್ಕೆ ನನ್ನ ಬೆನ್ನು ಅಡ್ಡ.
ಖಾಕಿ ಪ್ಯಾಂಟಿನ ಜೇಬು ಅಷ್ಟು ಆಳ ಅಂತ
ಅವತ್ತೇ ನನಗೆ ಗೊತ್ತಾದದ್ದು.

"ಹಿಮ್ಮಡಿ ಊರು. ನೇರ ನೋಡು. ಹೆಗಲು ಸಡಿಲ ಬಿಡು,
ತಲೆ ಮೇಲೆ ಈಗ ಏನೂ ಇಲ್ಲ."
ಉಸಿರೆಳೆದಳು. ಹಲಗೆ ಇಳಿಸಿದೆ.
ನೂರೈವತ್ತೇಳು. ಅದರ ಮೇಲೆ ಒಂದು ಕೂದಲೆಳೆಯೂ ಇಲ್ಲ.
ಕೂಗಿದೆ. ನನ್ನ ದನಿ ನನಗೇ ಜೋರಾಯಿತು.

ಮುಂದೆ ನಾನೂರು ಮೀಟರ್ ಓಟ, ಉದ್ದ ಜಿಗಿತ, ಗುಂಡು ಎಸೆತ;
ಅದು ನನ್ನ ಕಂಬದ ಆಚೆಯ ವಿಷಯ.
ಸೀಟಿ ಊದಿದ್ದು ಕೇಳಿಸಿತು. ತಿರುಗಿ ನೋಡಲಿಲ್ಲ,
ಇನ್ನೂರು ಬುರುಡೆ ಬಾಕಿ ಇದ್ದವು.

ರಾತ್ರಿ ಕ್ವಾರ್ಟರ್ಸಿನಲ್ಲಿ ಪ್ಯಾಂಟು ನೆನೆಹಾಕುವಾಗ ಕೈಗೆ ಬಂತು.
ಒಲೆಯಿಂದ ಇಳಿಸಿದ ಮುದ್ದೆ ಪಾತ್ರೆ ಅದರ ಮೇಲಿಟ್ಟೆ,
ಅಲ್ಲಾಡದೆ ಕೂತಿತು.
"ಇದೇನಮ್ಮ, ಹೊಸದು?" ಅಂದಳು ಮಗಳು.
"ಜಪ್ತಿ ಮಾಲು," ಅಂದೆ.