ಏಳನೇ ಖೋಲಿ

ಬೆಟಗೇರಿಯ ಹೆಣ್ಮಕ್ಕಳ ಶಾಲೆ. ನಕಾಶೆ
ಅರವತ್ತೆರಡನೇ ಇಸವಿಯದು, ನೀಲಿ ಕಾಗದ,
ಮಡಿಕೆಯ ಗೆರೆಯಲ್ಲಿ ಎರಡು ಕಿಟಕಿ ಸವೆದುಹೋಗಿವೆ.
ಗೋಡೆಯ ದಪ್ಪ ಬರೆದಿಲ್ಲ.
ದ್ಯಾಮಣ್ಣ ಬಾರಕೇರ ಕೈ ಚಾಚಿ ಅಳೆದ:
‘ಒಂದೂವರಿ ಮೊಳ ಆತ್ರಿ ಬಾಯಾರ. ಕರೀ ಕಲ್ಲು.
ಇದರಾಗ ಮೊಳಿ ಸೈತ ಇಳಿಯಂಗಿಲ್ಲ.’

ಹುಬ್ಬಳ್ಳಿಯ ಆಫೀಸಿನಿಂದ ನನ್ನ ಕೈಗೆ ಬಂದದ್ದು ಎಂಟು ಡಬ್ಬಿ,
ಊಟದ ತಟ್ಟೆಯಷ್ಟು ಅಗಲ, ಬಿಳಿ,
ಮತ್ತೊಂದು ಮಾತು: ‘ಕೆಳಗಿನ ಪಡಸಾಲಿಗೆ ನಾಕು,
ಮ್ಯಾಲಿಂದಕ್ಕ ನಾಕು, ಸಂಜಿಗೆ ಹೊಳ್ಳಿ ಬಾ.’

ಹಾಗೇ ಮಾಡಿದೆ ಮೊದಲು, ಸುತಳಿಯಿಂದ ಕಟ್ಟಿ.
ಲ್ಯಾಪ್‌ಟಾಪ್ ಹಿಡಿದು ಖೋಲಿಯಿಂದ ಖೋಲಿಗೆ,
ಬಾಗಿಲಲ್ಲಿ, ನಡುವೆ, ಕಡೆಯ ಬೆಂಚಿನ ಹಿಂದೆ
ನಿಂತಲ್ಲೆಲ್ಲ ಒಂದು ಚುಕ್ಕಿ ಒತ್ತುತ್ತ.
ತೆರೆಯ ಮೇಲೆ ನಕಾಶೆ ಹಸಿರಾಗುತ್ತ ಬಂತು,
ಜುಲೈ ತಿಂಗಳ ಹೆಸರಿನ ಹೊಲ.
ಏಳನೇ ಖೋಲಿ ಮಾತ್ರ ಕಂದು.

‘ಅಲ್ಲಿ ಗಂಟಿನೂ ಮುಟ್ಟಂಗಿಲ್ರಿ,’ ಅಂದ ದ್ಯಾಮಣ್ಣ.
‘ಇಪ್ಪತ್ತಾರು ವರ್ಷಾತು, ಇಲ್ಲೊಮ್ಮೆ ಬಾರಿಸಿ
ಓಡಿಹೋಗಿ ಅಲ್ಲಿ ಮತ್ತೊಮ್ಮೆ ಬಾರಸ್ತೀನಿ.’
ನನ್ನ ಯಂತ್ರ ಎರಡು ತಾಸಿನಲ್ಲಿ ಹುಡುಕಿದ್ದು
ಅವನ ಮೊಣಕಾಲಿಗೆ ಮೊದಲೇ ಗೊತ್ತಿತ್ತು.

ಹೊಂಬಳ ಅಕ್ಕೋರು ಬಂದರು, ಹಸಿರು ನೋಡಿ
ಸಹಿಗೆಂದು ಪೆನ್ನು ತೆಗೆದರು. ತಡೆದೆ:
‘ಖಾಲಿ ಖೋಲಿ ಅಳದೀನ್ರಿ. ಹುಡುಗ್ಯಾರನ್ನ ಕೂಡಸ್ರಿ.’

ಹಸಿರೇ ಹಸಿರಿದ್ದ ಮೂರನೇ ಖೋಲಿ, ಎಂಟನೆಯ ‘ಬ’,
ನಾಲ್ವತ್ತೆರಡು ಹುಡುಗಿಯರು, ನಾಲ್ವತ್ತೆರಡು ಟ್ಯಾಬ್,
ಒಂದೇ ವಿಡಿಯೊ: ಎಲೆಯ ಬಾಯಿ ತೆರೆಯುವುದು, ಮುಚ್ಚುವುದು.
ಒಂದು, ಎರಡು, ಮೂರು ಅಂದೆ. ಒತ್ತಿದರು.
ಹದಿನೆಂಟು ಎಲೆ ಬಾಯಿ ತೆರೆದವು.
ಉಳಿದವು ಚಕ್ರ ತಿರುವುತ್ತ ಕುಂತವು.

ಕಡೆಯ ಬೆಂಚಿನ ಶಮಶಾದ ನದಾಫ
ಕೈ ಎತ್ತಲಿಲ್ಲ. ಕಾದು ರೂಢಿಯಿದ್ದವರ ಹಾಗೆ
ಮೈ ಸಡಿಲ ಬಿಟ್ಟು ಕೂತಿದ್ದಳು.
ಬಗ್ಗಿ ನೋಡಿದೆ. ಸಿಗ್ನಲ್ಲಿನ ಗೆರೆ ಪೂರ್ತಿ ಇವೆ.
‘ಗೆರಿ ಅದಾವಲ್ಲ ಮತ್ತ?’
‘ಗೆರಿ ಅದಾವ್ರಿ. ಪಾಳಿ ಬಂದಿಲ್ಲ.
ನಮ್ಮ ಓಣಿ ನಳಾನೂ ಹಿಂಗರಿ. ನೀರಿಗೆ ಜೋರು ಐತಿ.
ನಳ ಒಂದು, ಕೊಡ ನಾಲ್ವತ್ತು.
ಮುಂದಿನವರದು ತುಂಬೂದ್ರಾಗ ನಿಂತುಬಿಡತೈತಿ.’

ತರಬೇತಿಯ ದಪ್ಪ ಕಡತದಲ್ಲಿ
ಸಾಂದ್ರತೆ ಎಂಬ ಶಬ್ದ ನೂರು ಸಲ ಓದಿದ್ದೆ.
ಕೊಡ ಎಂದು ಯಾರೂ ಬರೆದಿರಲಿಲ್ಲ.

ಸುತಳಿ ಬಿಚ್ಚಿದೆ. ಡಬ್ಬಿ ಪಡಸಾಲೆಯಿಂದ ಒಳಗೆ,
ಮಕ್ಕಳ ತಲೆಯ ಮೇಲಕ್ಕೆ; ಒಂದೊಂದರ ಜೋರೂ ಅರ್ಧಕ್ಕಿಳಿಸಿ.
ಅಕ್ಕೋರು ಹುಬ್ಬೇರಿಸಿದರು:
‘ಜೋರು ಕಡಿಮಿ ಮಾಡಾಕ ರೊಕ್ಕಾ ಕೊಡಬೇಕೇನವಾ?’
‘ಆಜುಬಾಜು ಖೋಲ್ಯಾಗ ಇಬ್ಬರು ಮಾಸ್ತರು
ಒಮ್ಮೆಗೇ ಒದರಿದ್ರ ಪಾಠ ಆಗತೈತೇನ್ರಿ?
ತಮ್ಮ ಗ್ವಾಡಿ ಒಳಗ ಕೇಳೂವಷ್ಟು ಮಾತಾಡಿದ್ರ ಸಾಕು.’
ನಕ್ಕರೋ ಬಿಟ್ಟರೋ, ಪೆನ್ನಿನ ಟೊಪ್ಪಿಗೆ ಹಾಕಿದರು.

ಲೆಕ್ಕ ಹದಿನಾಲ್ಕಕ್ಕೆ ನಿಂತಿತು. ಇರುವುದು ಎಂಟು.
ಏಳನೇ ಖೋಲಿಗೊಂದು, ಅದು ನಿಕ್ಕಿ.
ಮೇಲಿನ ಹೊಲಿಗೆ ಖೋಲಿಗೆ ಸದ್ಯ ಏನಿಲ್ಲ.
ಅಕ್ಕೋರ ಆಫೀಸಿಗೆ ಬೇಕೋ ಬೇಡವೋ
ಎಂಬ ಮಾತು ಚಹಾ ಕುಡಿದರೂ ಮುಗಿಯಲಿಲ್ಲ.
ಹುಬ್ಬಳ್ಳಿಯಿಂದ ಫೋನು: ‘ಹಸರ ಬಂತಿಲ್ಲೋ?’
‘ಬಂತ್ರಿ.’
‘ಮತ್ತೇನು?’
‘ನಾವು ಗ್ವಾಡಿ ಎಣಿಸಿದ್ವಿ. ಕೊಡ ಎಣಿಸಿಲ್ರಿ.’
ಆ ಕಡೆ ಫ್ಯಾನಿನ ಸಪ್ಪಳ ಮಾತ್ರ.

ನಾಲ್ಕೂವರೆಗೆ ಏಣಿ ಮಡಚುತ್ತಿದ್ದೆ. ಗಂಟೆ ಬಾರಿಸಿತು,
ಪಡಸಾಲೆ ತುಂಬ ಪಾಟೀಚೀಲ, ಚಪ್ಪಲಿ, ಗದ್ದಲ.
ಅದರ ನಡುವೆ ದ್ಯಾಮಣ್ಣನ ಹೆಜ್ಜೆ, ಎಡಗಾಲು ತುಸು ಭಾರ,
ಹಿತ್ತಲ ಕಡೆ ಓಡುತ್ತ.
ರೂಢಿಯ ಮೇಲೆ ಗಡಿಯಾರ ನೋಡಿಕೊಂಡೆ.
ಹತ್ತೊಂಬತ್ತು ಸೆಕೆಂಡು.
ಅಷ್ಟು ಹೊತ್ತು ಏಳನೇ ಖೋಲಿಯಲ್ಲಿ
ಶಾಲೆ ಇನ್ನೂ ಬಿಟ್ಟಿರಲಿಲ್ಲ.