ಬಾಕಿ

ಲಗ್ಗೆರೆ ಮೂರನೇ ಕ್ರಾಸು, ಹೊಂಗೆ ಮರದಡಿ
ನನ್ನ ಇಸ್ತ್ರಿ ಗಾಡಿ. ಅಲ್ಲಿಗೆ ಬಂದಳು ದಾಕ್ಷಾಯಿಣಿ,
ಗಾರ್ಮೆಂಟ್ಸಲ್ಲಿ ಹದಿನಾಲ್ಕು ವರ್ಷ ಕಾಲರು ಹೊಲಿದವಳು,
ಈಗ ವಾರ್ಡಿಗೆ ನಿಂತವಳು.
ತಮಟೆಯಿಲ್ಲ, ಹಾರವಿಲ್ಲ. ತೋಳ ಮೇಲೊಂದು ಸೀರೆ,
ಹಿಂದೊಬ್ಬ ಹುಡುಗ, ಅವನ ಕೈಲಿ ಗೋಂದಿನ ಡಬ್ಬಿ.

ಕೈ ಮುಗಿಯಲಿಲ್ಲ. ಕೇಳಿದಳು:
ಇದ್ದಿಲು ಮೂಟೆಗೆಷ್ಟು? ಬಾಡಿಗೆ? ಅಡ್ವಾನ್ಸು?
ಬೇಸಿಗೇಲಿ ಟ್ಯಾಂಕರಿಗೆ ಎಷ್ಟು ಸುರಿದಿರಿ?
ಹೇಳುತ್ತ ಹೇಳುತ್ತ ನನಗೇ ದಿಗಿಲಾಯಿತು,
ಇಷ್ಟನ್ನೂ ಒಟ್ಟಿಗೆ ನಾನೆಂದೂ ಕೂಡಿರಲಿಲ್ಲ.

"ಬಾಡಿಗೆ ಇಳಿಸ್ತೀನಿ ಅನ್ನಲ್ಲಣ್ಣ, ನನ್ನ ಕೈಲಾಗಲ್ಲ.
ಟ್ಯಾಂಕರ್ ರೇಟು ಗೋಡೆ ಮೇಲೆ ಬರೆಸ್ತೀನಿ.
ಮೋರಿಗೆ ಬಂದ ದುಡ್ಡು, ಹೋದ ದುಡ್ಡು,
ಅದೂ ಗೋಡೆ ಮೇಲೆ."
ದಾರ ಪೋಣಿಸಿದ ನೋಟ್‌ಬುಕ್ಕೊಂದನ್ನು
ಮರದ ಮೊಳೆಗೆ ನೇತುಹಾಕಿ,
"ತಪ್ಪಿದ್ರೆ ಇದ್ರಲ್ಲಿ ಬರೀರಿ" ಅಂದಳು.

ನಕ್ಕೆ.
ಈ ಪೆಟ್ಟಿಗೆಯಡಿ ಎಷ್ಟು ಬಿಳಿ ಖಾದಿ
ಗರಿಗರಿಯಾಗಿ ಎದ್ದು ಹೋಗಿದೆ,
ಗೆದ್ದ ಮೇಲೆ ಈ ಕ್ರಾಸಿನ ಗುರುತಿಲ್ಲ.

ಇವತ್ತು ಗಿರಾಕಿಯಿಲ್ಲದ ಮಧ್ಯಾಹ್ನ
ಮೊದಲ ಹಾಳೆ ತಿರುವಿದೆ. ಅವಳದೇ ಅಕ್ಷರ,
ಕಾಲರಿನ ಹೊಲಿಗೆಯಂತೆ ಒತ್ತೊತ್ತು:
ದಾಕ್ಷಾಯಿಣಿ, ಸೀರೆ ಒಂದು,
ಹನ್ನೆರಡು ರೂಪಾಯಿ, ಬಾಕಿ.

ನಾನು ಮರೆತೇಬಿಟ್ಟಿದ್ದೆ.