ಸುಣ್ಣದ ಗೆರೆ

ಗೆರೆಯ ಒಳಗೆ ಚಮನ್‌ಸಾಬ, ಹೊರಗೆ ನಾನು.
ನಡುವೆ ಮೂರು ಬೆರಳು ಸುಣ್ಣ.
ಪ್ರತಿ ಪಂದ್ಯದಲ್ಲೂ ಅರ್ಧ ಆಟ
ಅವನು ನನ್ನ ಪಾಲು.
ಅವನ ಉಸಿರು ನನಗೆ ಕೇಳುತ್ತಿತ್ತು,
ನನ್ನ ಬಾವುಟ ಪಟಪಟ ಅನ್ನುವುದು ಅವನಿಗೆ.

ಉಳಿದ ಹೊತ್ತು ನಾನು ಮಿಲ್ಲಿನ ಗೇಟಿನ ಟೈಂಕೀಪರು,
ಅವನು ಟೋಕನ್ನು ಎಂಟುನೂರ ಹನ್ನೊಂದು,
ನೂಲುವ ಖಾತೆ, ಮೂರನೇ ಪಾಳಿ,
ಸೈರನ್ನು ನಿಂತ ಮೇಲೇ ಬರುವವನು.
ಮೈದಾನದಲ್ಲಿ ಮಾತ್ರ
ಎಲ್ಲರಿಗಿಂತ ಎರಡು ಹೆಜ್ಜೆ ಮೊದಲು.
ಕೂದಲಲ್ಲಿ ಹತ್ತಿಯ ಎಳೆ ಹಾಗೇ ಇರುತ್ತಿತ್ತು.
'ಬಂದ ನೋಡ್ರೋ ಮುದುಕ' ಎಂದು ಕಾಂಪೌಂಡಿನ ಮೇಲಿನ ಹುಡುಗರು.
ಇಪ್ಪತ್ತೆರಡರ ಮುದುಕ.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿ ಅವನದು.
ಬಾಣಲೆಯಿಂದ ಚೆಲ್ಲಿದ ಮರಳಿನ ಮೇಲೆ
ಬರಿಗಾಲಲ್ಲಿ ಆಡಿ ಬೆಳೆದವನು.
ಎಲ್ಲೂ ಪೂರಾ ಊರುತ್ತಿರಲಿಲ್ಲ ಆ ಎಡಗಾಲು.
ಊರಿದನೆಂದು ಎದುರಾಳಿ ನಂಬುವಷ್ಟರಲ್ಲಿ
ಚೆಂಡೂ ಇಲ್ಲ, ಅವನೂ ಇಲ್ಲ,
ಒಂದಿಷ್ಟು ಕೆಂಧೂಳು.

ಒಮ್ಮೆ ಹರಿಹರದ ಕಾರ್ಖಾನೆಯವರು ಅವನನ್ನು ಕೊಂಡರು:
ಒಂದು ಅಟ್ಲಾಸ್ ಸೈಕಲ್ಲು, ಕಾಯಂ ಕೆಲಸದ ಮಾತು.
ಸೈಕಲ್ಲು ಕೊಟ್ಟರು.
ಒಂದೂವರೆ ವರ್ಷಕ್ಕೆ ಅದೇ ಸೈಕಲ್ಲು ತುಳಿದುಕೊಂಡು
ವಾಪಸು ಬಂದ, ಹಳೇ ಟೋಕನ್ನು ಕೇಳಿದ.
ಕೊಟ್ಟೆ. ಬೇರೆ ಯಾರಿಗೂ ಕೊಟ್ಟಿರಲಿಲ್ಲ.

ಇನ್ನು ಆ ಭಾನುವಾರ.
ಎದುರಿಗೆ ಭದ್ರಾವತಿಯ ಕಬ್ಬಿಣದವರು.
ಶಾಮಿಯಾನದಲ್ಲಿ ಬೆಂಗಳೂರಿನಿಂದ ಬಂದ ಆಯ್ಕೆಯ ಮೂವರು,
ಕೈಯಲ್ಲಿ ಗೋಲ್ಡ್‌ಸ್ಪಾಟು, ಮಂಡಿಯ ಮೇಲೆ ಕಾಗದ.
ಆಟ ಮುಗಿಯಲು ಆರು ನಿಮಿಷ.
ನಡುವಿನಿಂದ ಬಂತು ಚೆಂಡು, ಎಡಕ್ಕೆ, ಉದ್ದಕ್ಕೆ;
ಅವನು ಎದೆಯಲ್ಲಿ ಇಳಿಸಿಕೊಂಡ, ಮಗುವನ್ನು ಇಳಿಸಿಕೊಂಡ ಹಾಗೆ,
ಒಬ್ಬನನ್ನು ಹೊರಗೆ ಕಳಿಸಿದ, ಒಬ್ಬನನ್ನು ಕೂರಿಸಿದ,
ಬಲೆ ಉಬ್ಬಿತು.

ನನ್ನ ಬಾವುಟ ಮೇಲಿತ್ತು.

ಆಫ್‌ಸೈಡ್ ಅಲ್ಲ ಅದು.
ನಾನು ನೋಡಬೇಕಾದ್ದು ಅವರ ಕೊನೆಯ ಆಳನ್ನು,
ಚೆಂಡು ಬಿಟ್ಟ ಆ ಗಳಿಗೆಯನ್ನು.
ನೋಡಿದ್ದು ಅವನ ಕಾಲನ್ನು.
ಟಿಕೆಟ್ಟು ಕೊಂಡವನ ಹಾಗೆ, ಬಾಯಿ ಬಿಟ್ಟುಕೊಂಡು.
ತಲೆಯೆತ್ತಿದಾಗ ಅವನು ಎಷ್ಟು ಮುಂದಿದ್ದನೆಂದರೆ
ನ್ಯಾಯವಾಗಿ ಯಾರೂ
ಅಷ್ಟು ಮುಂದಿರಲಾರರು ಅನಿಸಿತು,
ಕೈ ತಾನಾಗಿ ಎದ್ದಿತು.

ಜಗಳಕ್ಕೆ ಬರಲಿಲ್ಲ ಅವನು.
ಚೆಂಡು ತಂದು ನಾನು ತೋರಿಸಿದ ಜಾಗಕ್ಕೆ ಇಟ್ಟ,
ಅಂಗೈಯಿಂದ ಧೂಳು ಸರಿಸಿ.
ಕಾಗದದಲ್ಲಿ ಭದ್ರಾವತಿಯ ಹುಡುಗನ ಹೆಸರು ಹೋಯಿತು.

ಆಮೇಲಿನದು ಬೇಗ ಮುಗಿಯುತ್ತದೆ.
ಮಂಡಿ ಒಮ್ಮೆ ಊದಿತು, ಇಳಿಯಲಿಲ್ಲ.
ಬೇಂಚಿನ ಮೇಲೆ ಎರಡು ವರ್ಷ, ನೀರಿನ ಬಕೆಟ್ಟಿನ ಪಕ್ಕ.
ಮಿಲ್ಲಿಗೆ ಬೀಗ ಬಿತ್ತು;
ಟೋಕನ್ನುಗಳನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ತೂಗಿಸಿದವನು ನಾನೇ,
ಎಂಟುನೂರ ಹನ್ನೊಂದು ಒಂದನ್ನು ಬಿಟ್ಟು.

ಮೊನ್ನೆ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋದೆ.
ತಮ್ಮನ ಭಟ್ಟಿಯಲ್ಲಿ ತಕ್ಕಡಿ ಹಿಡಿದು ಕೂತಿದ್ದ.
ನಲವತ್ತು ವರ್ಷ ನುಂಗಿದ್ದನ್ನು ಹೇಳಿದೆ,
ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ.
'ಯಾವ ಗೋಲು ತೋಟಪ್ಪನೋರೆ?'
ನಿಜಕ್ಕೂ ಕೇಳಿದ.
ತಿಥಿ ಹೇಳಿದೆ, ಶಾಮಿಯಾನ ಹೇಳಿದೆ. ತಲೆಯಾಡಿಸಿದ.
'ಅದು ಹೋಗ್ಲಿ ಬಿಡ್ರಿ. ಚಿತ್ರದುರ್ಗದಾಗೆ ಒಂದು ಕ್ರಾಸ್ ಹಾಕಿದ್ನಲ್ಲ,
ಯಾರೂ ತಲೆ ಕೊಡ್ಲಿಲ್ಲ, ಆಚೆ ಗೆರೆ ದಾಟಿ
ಕಡ್ಲೆಕಾಯಿ ಮಾರೋಳ ಬುಟ್ಟಿಗೆ ಬಿತ್ತು.
ನೀವಿದ್ರಲ್ಲ ಅವತ್ತು?'
ಇದ್ದೆ.
'ಅದೇ ಕಣ್ರಿ ನಾನು ಒದ್ದಿದ್ರಾಗೆ ಚೆಂದದ್ದು.'

ಟೋಕನ್ನು ಕೊಡಲು ಮರೆತೆ.
ಒಂದು ಸೇರು ಮಂಡಕ್ಕಿ ತೂಗಿದ, ಮೇಲೊಂದು ಹಿಡಿ ಹಾಕಿದ,
ಓಣಿಯ ತುದಿಯ ತನಕ ಕುಂಟುತ್ತ ಬಂದ,
ಎಡಬದಿಯ ಚರಂಡಿ ಹಿಡಿದುಕೊಂಡು.
ಅರ್ಧ ದಾರಿಯಲ್ಲಿ ಗಮನಿಸಿದೆ:
ನಾನು ಅವನತ್ತ ಮುಖ ಮಾಡಿ
ಅಡ್ಡಡ್ಡ ಹೆಜ್ಜೆ ಇಡುತ್ತಿದ್ದೆ,
ಮುಂದೂ ಅಲ್ಲದೆ, ಹಿಂದೂ ಅಲ್ಲದೆ,
ಅವನ ಸಮಕ್ಕೆ.